ತಕ್ಕಡಿಗೆ ಹಾಕುವ ಮುನ್ನ

ಪರೀಕ್ಷೆ ಹತ್ತಿರ ಬಂತೆಂದರೆ ಮಕ್ಕಳ ಕಾಮಿಕ್ಸ್‌ ಕಟ್ಟು ಹಲಸೂರು, ಶಿವಾಜಿನಗರದ ರದ್ದಿ ಅಂಗಡಿಯ ತಕ್ಕಡಿ ಏರುತ್ತದೆ. ಅದರಲ್ಲಿ ‘ಅವೆಂಜರ್ಸ್’ನ ಕ್ರೀ-ಸ್ಕ್ರಲ್ ಯುದ್ಧವಿದ್ದರೆ ಅಪ್ಪ-ಅಮ್ಮ ಒಮ್ಮೆ ತಾವೇ ಓದಲಿ. 1971-72ರಲ್ಲಿ 9 ಸಂಚಿಕೆಗಳಲ್ಲಿ ಬಂದ ಈ ಕಥೆ ಬರೆದ ರಾಯ್ ಥಾಮಸ್ ಮೊದಲು ಹೈಸ್ಕೂಲ್ ಮೇಷ್ಟ್ರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ, ಜಪಾನ್ ನಡುವೆ ಸಿಕ್ಕಿ ನಲುಗಿದ ಪೆಸಿಫಿಕ್ ದ್ವೀಪಗಳಂತೆ ಇಲ್ಲಿ ಎರಡು ನಕ್ಷತ್ರ ಸಾಮ್ರಾಜ್ಯಗಳ ಜಗಳಕ್ಕೆ ಭೂಮಿ ಸಿಕ್ಕಿಕೊಂಡಿದೆ.

‘ಅನ್ಯಗ್ರಹದವರು ನಮ್ಮೊಳಗೇ ಅಡಗಿದ್ದಾರೆ’ ಎಂದು ಹುಯಿಲೆಬ್ಬಿಸಿದ ಕ್ರ್ಯಾಡಾಕ್, ಕೊನೆಗೆ ನೋಡಿದರೆ, ಮಾರುವೇಷದ ಸ್ಕ್ರಲ್! ಅವನು ಕೆರಳಿಸಿದ ಗುಂಪೇ ಅವನನ್ನು ಬಡಿದು ಕೊಲ್ಲುತ್ತದೆ. ಯುದ್ಧ ನಿಲ್ಲಿಸುವವನು ಥಾರ್ ಅಲ್ಲ, ಐರನ್ ಮ್ಯಾನ್ ಅಲ್ಲ. ರಿಕ್ ಜೋನ್ಸ್ ಎಂಬ ಹುಡುಗ. ಪ್ರಾಣಕ್ಕೆ ಬಂದ ಹೊತ್ತಿನಲ್ಲಿ ಅವನು ಮನಸ್ಸಿನಿಂದಲೇ ಕರೆತಂದದ್ದು, ಚಿಕ್ಕಂದಿನಲ್ಲಿ ಓದಿದ್ದ ಹಳೇ ಕಾಮಿಕ್ಸ್‌ನ ವೀರರನ್ನು.