ಹಣ್ಣಾಗುವವರೆಗೆ ಕಾಯುವ ವ್ಯಾಪಾರ

ಘಟ್ಟದ ಬುಡದ ನಮ್ಮ ಊರುಗಳಲ್ಲಿ ಮಳೆಗಾಲವೆಂದರೆ ಉಪ್ಪಾಗೆಯ ಕಾಲ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಮೂಡಣ ಕಾಡಿನಲ್ಲಿ ಜೂನ್ ತಿಂಗಳ ನಂತರ ಹಣ್ಣು ಮಾಗಿ ಉದುರತೊಡಗುತ್ತದೆ. ಅದನ್ನು ಹೆಕ್ಕಿ ತಂದು, ಬೀಜ ಬೇರ್ಪಡಿಸಿ, ಸಿಪ್ಪೆಯನ್ನು ಬಿದಿರಿನ ತಟ್ಟಿಯ ಮೇಲೆ ಹರಡಿ ಕೆಳಗೆ ಬೆಂಕಿ ಹಾಕುತ್ತೇವೆ. ಬಿಸಿಲೇ ಕಾಣದ ಆ ದಿನಗಳಲ್ಲಿ ಬೇರೆ ಉಪಾಯವಿಲ್ಲ. ಬೀಜದ ತುಪ್ಪ ಮನೆಯ ಅಡುಗೆಗೆ, ಹೊಗೆಯಲ್ಲಿ ಒಣಗಿ ಕಪ್ಪಾದ ಸಿಪ್ಪೆ ವ್ಯಾಪಾರಿಗೆ. ಕೇರಳದ ಮೀನಿನ ಸಾರಿಗೆ ಹುಳಿ ಕೊಡುವುದು ಇದೇ ಸಿಪ್ಪೆ.

ಕಾಲೇಜಿಗೆ ಹೋಗುವ ನಮ್ಮ ಊರಿನ ಮಕ್ಕಳು ಸಭೆಗಳಲ್ಲಿ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ: ನ್ಯಾಯ ನೀತಿ ಎಂದು ಹಿಡಿದು ಕುಳಿತರೆ ವ್ಯಾಪಾರ ನಡೆದೀತೇ? ಇದು ಅಸಡ್ಡೆಯ ಪ್ರಶ್ನೆಯಲ್ಲ. ಮೆಣಸು ಭಟ್ಕಳದ ಬಂದರಿನಿಂದ ಹಡಗೇರುತ್ತಿದ್ದ ಕಾಲದಿಂದಲೂ ಈ ಸೀಮೆಯವರು ಕಾಡಿನ ಸರಕನ್ನು ಹೊರಗಿನವರಿಗೆ ಮಾರುತ್ತ ಬಂದವರು. ಲಾಭವಿಲ್ಲದೆ ಬದುಕಿಲ್ಲ ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ಮಕ್ಕಳಿಗೆ ಉತ್ತರ ಹೇಳಬೇಕಾದಾಗಲೆಲ್ಲ ನನಗೆ ನೆನಪಾಗುವುದು ಉಪ್ಪಾಗೆಯ ಕತೆಯೇ.

1990ರ ದಶಕದಲ್ಲಿ ಈ ಸಿಪ್ಪೆಗೆ ಇದ್ದಕ್ಕಿದ್ದಂತೆ ವಿದೇಶದ ಬೇಡಿಕೆ ಬಂತು. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ಬೊಜ್ಜು ಕರಗಿಸುತ್ತದೆ ಎಂಬ ಪ್ರಚಾರವೇ ಅದಕ್ಕೆ ಕಾರಣ. ಬೆಲೆ ಏರಿದಂತೆ ಕಾಡಿನ ಶಿಸ್ತು ಸಡಿಲವಾಯಿತು. ಅರಣ್ಯ ಇಲಾಖೆ ಸಂಗ್ರಹಣೆಯ ಹಕ್ಕನ್ನು ಹರಾಜು ಹಾಕುತ್ತಿತ್ತು. ಹಕ್ಕು ಹಿಡಿದ ಗುತ್ತಿಗೆದಾರನಿಗೆ ತನ್ನ ಅವಧಿಯೊಳಗೆ ಎಷ್ಟು ಸಿಪ್ಪೆ ವಖಾರಿ ಸೇರಿತು ಎಂಬುದಷ್ಟೇ ಲೆಕ್ಕ. ಆಮೇಲೆ ಮರ ಇದ್ದರೇನು, ಹೋದರೇನು? ಹೆಕ್ಕುವ ನಮಗಾದರೂ ಬೇರೆ ಬುದ್ಧಿ ಇತ್ತೇ? ಇಂದು ನಾನು ಬಿಟ್ಟ ಕಾಯಿ ನಾಳೆ ಇನ್ನೊಬ್ಬನ ಬುಟ್ಟಿಯಲ್ಲಿರುತ್ತದೆ ಎಂಬ ಭಯದಲ್ಲಿ ಹಸಿರು ಕಾಯಿಗಳನ್ನೇ ಬಡಿದು ಕೆಡವಿದೆವು. ಮರ ಹತ್ತಲಾಗದಿದ್ದಲ್ಲಿ ಕೊಂಬೆಯನ್ನೇ ಕಡಿದೆವು. ಒಣಗಿಸಲು ಬೇಕಾದ ಸೌದೆಯೂ ಅದೇ ಕಾಡಿನಿಂದ ಬಂತು. ಸಿಂಗಳೀಕಕ್ಕೆ ಉಳಿಯಬೇಕಾದ ಹಣ್ಣಿನ ಮಾತು ಅಂದು ಯಾರ ಬಾಯಲ್ಲೂ ಬರಲಿಲ್ಲ.

ಎಳೆಯ ಕಾಯಿಯ ಸಿಪ್ಪೆ ತೆಳು; ಒಣಗಿದರೆ ತೂಕ ಬರದು. ಬಲಿಯದ ಬೀಜದಲ್ಲಿ ತುಪ್ಪವೂ ಇಲ್ಲ, ಸಸಿಯೂ ಇಲ್ಲ. ತೂಕ ಕಡಿಮೆಯಾಯಿತೆಂದು ಕೆಲವರು ಅರೆ ಒಣಗಿದ ಸಿಪ್ಪೆಯನ್ನೇ ಚೀಲಕ್ಕೆ ತುಂಬಿದರು. ಅದು ಬೂಷ್ಟು ಹಿಡಿಯಿತು. ಮುಂದಿನ ವರ್ಷ ವ್ಯಾಪಾರಿ ಎಲ್ಲರ ಚೀಲಕ್ಕೂ ತೇವದ ಲೆಕ್ಕ ಹಿಡಿದು ಬೆಲೆ ಮುರಿದ. ಪ್ರಾಮಾಣಿಕವಾಗಿ ಒಣಗಿಸಿದವಳಿಗೂ ಕಳ್ಳತನ ಮಾಡಿದವನಿಗೂ ಒಂದೇ ದರ. ಅನೀತಿಗೆ ತೆರುವ ದಂಡ ಹೀಗೆ ಊರಿಗೆಲ್ಲ ಹಂಚಿಹೋಗುವುದರಿಂದಲೇ ಅದು ತಪ್ಪು ಮಾಡಿದವನ ಕಣ್ಣಿಗೆ ಬೀಳುವುದಿಲ್ಲ.

ಅತ್ತ ಕೊಳ್ಳುವವರ ತುದಿಯಲ್ಲೂ ಸತ್ಯ ನಿಂತಿರಲಿಲ್ಲ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 135 ಜನರ ಮೇಲೆ 12 ವಾರ ನಡೆಸಿದ ಪರೀಕ್ಷೆಯೊಂದು ಪ್ರಕಟವಾಯಿತು. ಉಪ್ಪಾಗೆಯ ಸಾರ ತೆಗೆದುಕೊಂಡವರಿಗೂ ಬರಿಯ ಹುಸಿ ಗುಳಿಗೆ ನುಂಗಿದವರಿಗೂ ತೂಕ ಇಳಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿರಲಿಲ್ಲ. ಆದರೂ 2012ರಲ್ಲಿ ಅಲ್ಲಿನ ಒಬ್ಬ ಟಿವಿ ವೈದ್ಯರು ಅದನ್ನು ಮತ್ತೆ ಹಾಡಿ ಹೊಗಳಿದರು. 2014ರಲ್ಲಿ ಇಂಥ ಹೊಗಳಿಕೆಗಳಿಗಾಗಿ ಅವರು ಸೆನೆಟ್ ಸಮಿತಿಯೊಂದರ ಮುಂದೆ ಉತ್ತರ ಕೊಡಬೇಕಾಯಿತು. ನಮ್ಮ ಮಳೆಗಾಲದ ದುಡಿಮೆ ಎಂಥ ಮಾತಿನ ಮೇಲೆ ನಿಂತಿತ್ತು ನೋಡಿ. ಶತಮಾನಗಳಿಂದ ಇದನ್ನು ಹುಳಿಗಾಗಿ ಕೊಳ್ಳುತ್ತಿರುವ ಅಡುಗೆಮನೆಗಳೇ ನಮ್ಮ ನಿಜವಾದ ಗಿರಾಕಿಗಳು ಎಂಬುದನ್ನು ನಾವು ಮರೆತಿದ್ದೆವು.

ಹಾಗಾದರೆ ಮೌಲ್ಯವನ್ನು ನಂಬಿ ಉದ್ಯಮ ಕಟ್ಟಿದವರು ಇಲ್ಲವೇ? ದೂರ ಹೋಗಬೇಕಾಗಿಲ್ಲ, ನಮ್ಮ ಅಡಿಕೆ ಬೆಳೆಗಾರರೆಲ್ಲ ಬಲ್ಲ ಕ್ಯಾಂಪ್ಕೋ ಇದೆ. ಅಡಿಕೆಯ ಬೆಲೆ ಕುಸಿದು ರೈತ ಕಂಗಾಲಾಗಿದ್ದ ಹೊತ್ತಿನಲ್ಲಿ, 1973ರ ಜುಲೈ 11ರಂದು, ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಸಹಕಾರ ಸಂಸ್ಥೆಯಾಗಿ ಅದು ಮಂಗಳೂರಿನಲ್ಲಿ ಹುಟ್ಟಿತು. ಸ್ಥಾಪಕಾಧ್ಯಕ್ಷರು ವಾರಣಾಶಿ ಸುಬ್ರಾಯ ಭಟ್ಟರು, ತಾವೇ ಕೃಷಿಕರು. ನನ್ನ ಮಟ್ಟಿಗೆ ಆ ಸಂಸ್ಥೆಯ ನಿಜವಾದ ಪರೀಕ್ಷೆ ನಡೆದದ್ದು ಅಡಿಕೆಯಲ್ಲಲ್ಲ, ಕೋಕೋದಲ್ಲಿ. ಕಂಪನಿಗಳ ಪ್ರೋತ್ಸಾಹದಿಂದ ತೋಟದ ನೆರಳಿನಲ್ಲಿ ಕೋಕೋ ಬೆಳೆದ ರೈತರನ್ನು, 1980ರ ಸುಮಾರಿಗೆ ಜಾಗತಿಕ ಬೆಲೆ ಬಿದ್ದಾಗ, ಖಾಸಗಿ ಖರೀದಿದಾರರು ನಡುನೀರಿನಲ್ಲಿ ಕೈಬಿಟ್ಟರು. ಕೊಳ್ಳುವವರೇ ಇಲ್ಲದ ಆ ಬೀಜವನ್ನು ಕ್ಯಾಂಪ್ಕೋ ಕೊಂಡಿತು. ಅಂದಿನ ಲೆಕ್ಕಪುಸ್ತಕದ ದೃಷ್ಟಿಯಿಂದ ಅದು ಹುಚ್ಚು ಕೆಲಸವೇ. ಕೊಂಡದ್ದನ್ನು ಏನು ಮಾಡುವುದು ಎಂಬ ಚಿಂತೆಯಿಂದಲೇ 1986ರಲ್ಲಿ ಪುತ್ತೂರಿನ ಚಾಕೊಲೇಟ್ ಕಾರ್ಖಾನೆ ಎದ್ದುನಿಂತಿತು. ರೈತನನ್ನು ಬಿಡಲಾರೆವು ಎಂಬ ಹಟವೇ ಕಡೆಗೆ ಹೊಸ ಉದ್ಯಮವಾಯಿತು. ಬಿಟ್ಟುಹೋದವರಿಗೆ ಸಿಗದ ರೈತರ ನಂಬಿಕೆ ಅದಕ್ಕೆ ಬಂಡವಾಳವಾಯಿತು.

ಇಷ್ಟು ಹೇಳಿದ ಮೇಲೆ ನಮ್ಮದೇ ಒಂದು ಸೋಲನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಹಲವು ವರ್ಷಗಳ ಹಿಂದೆ ನಾವು ಕೆಲವು ಮನೆಯವರು ಸೇರಿ ಉಪ್ಪಾಗೆ ಮತ್ತು ಮುರುಗಲು ಸಿಪ್ಪೆಯನ್ನು ಒಟ್ಟಾಗಿ ಮಾರುವ ಗುಂಪು ಕಟ್ಟಿದ್ದೆವು. ಮುಂದಾಳು ಬಹಳ ಒಳ್ಳೆಯ ಮನುಷ್ಯ. ಯಾರು ಕೇಳಿದರೂ ಮುಂಗಡ ಕೊಟ್ಟ, ಯಾರ ಮನಸ್ಸನ್ನೂ ನೋಯಿಸಬಾರದೆಂದು ಹಸಿ ಸಿಪ್ಪೆಯನ್ನೂ ತೂಗಿಕೊಂಡ. ತೂಕದ ಚೀಟಿ ಬರೆಯಲಿಲ್ಲ, ನಂಬಿಕೆಯಿದ್ದಲ್ಲಿ ಚೀಟಿ ಯಾಕೆ ಎಂದ. ಎರಡನೆಯ ಮಳೆಗಾಲದಲ್ಲಿ ಗುಂಪು ಮುರಿಯಿತು. ಅವನು ಒಂದು ಪೈಸೆ ತಿಂದವನಲ್ಲವೆಂದು ಇವತ್ತಿಗೂ ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ತೋರಿಸಲು ಲೆಕ್ಕವಿರಲಿಲ್ಲವಾಗಿ ಅವನ ಮೇಲೆ ಬಂದ ಮಾತನ್ನು ತಡೆಯಲು ನಮ್ಮಿಂದಾಗಲಿಲ್ಲ. ಮೌಲ್ಯವೆಂದರೆ ಮೃದುತನವೆಂದು ನಾವೆಲ್ಲ ತಿಳಿದಿದ್ದೆವು. ಹಸಿ ಚೀಲವನ್ನು, ಅದು ತನ್ನ ಅಣ್ಣನದೇ ಆಗಿದ್ದರೂ, ಹಿಂದಕ್ಕೆ ಕಳಿಸುವುದು ಕೂಡ ಮೌಲ್ಯವೇ ಎಂದು ತಿಳಿಯಲು ಗುಂಪು ಮುಳುಗಬೇಕಾಯಿತು.

ಆದ್ದರಿಂದ ಮುಂದಾಳುಗಳಿಂದ ನಾನು ಅಪೇಕ್ಷಿಸುವುದು ಭಾಷಣವನ್ನಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯು ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನು, ಸಂಗ್ರಹಿಸಿ ಮಾರುವ ಹಕ್ಕನ್ನು ಮಾನ್ಯ ಮಾಡಿದೆ. ಆ ಹಕ್ಕು ಎಲ್ಲರ ಕೈಗೂ ಬಂದಿಲ್ಲ. ಬುಡಕಟ್ಟಿನವರಲ್ಲದವರಿಗೆ 75 ವರ್ಷಗಳ ವಾಸದ ಸಾಕ್ಷ್ಯ ಕೇಳುವ ನಿಯಮ ಬಹಳ ಮನೆಗಳನ್ನು ಬಾಗಿಲಲ್ಲೇ ನಿಲ್ಲಿಸಿದೆ. ಅದು ಬೇರೆಯೇ ಹೋರಾಟ. ಆದರೆ ಹಕ್ಕು ಸಿಕ್ಕ ಮರುದಿನ ಹಸಿರು ಕಾಯಿಗೆ ಕೋಲು ಬೀಸುವುದಾದರೆ ಗುತ್ತಿಗೆದಾರನ ಜಾಗದಲ್ಲಿ ನಾವು ಕೂತಂತಾಯಿತಷ್ಟೇ.

ಕೊಯ್ಲಿಗೆ ಊರೆಲ್ಲ ಕೂಡಿ ಒಂದು ದಿನ ಗೊತ್ತುಮಾಡುವುದು, ಅದಕ್ಕೆ ಮೊದಲು ಕಾಡಿಗೆ ಬುಟ್ಟಿ ಹೋಗದಂತೆ ನೋಡಿಕೊಳ್ಳುವುದು, ಬಿದ್ದ ಹಣ್ಣಿನಲ್ಲಿ ಒಂದು ಪಾಲನ್ನು ಮಂಗಕ್ಕೂ ಮೊಳಕೆಗೂ ಬಿಡುವುದು: ಇವು ಯಾವ ಕಾಯಿದೆಯಿಂದಲೂ ಬರುವ ಕೆಲಸಗಳಲ್ಲ. ಮೊದಲ ವರ್ಷ ಇದರಿಂದ ನಷ್ಟವೇ ಆಗಬಹುದು. ಪಕ್ಕದ ಊರಿನವರು ಹದಿನೈದು ದಿನ ಮೊದಲೇ ಮಾರಿ ನಮ್ಮನ್ನು ನೋಡಿ ನಗಬಹುದು. ಆ ನಗೆಯನ್ನು ಊರಿನ ಪರವಾಗಿ ಸಹಿಸಿಕೊಳ್ಳುವವನನ್ನೇ ನಾನು ಮುಂದಾಳು ಎನ್ನುತ್ತೇನೆ. ಒಣಗಿ ಗಲಗಲ ಎನ್ನುವ ಸಿಪ್ಪೆಯನ್ನು ಮೂರು ವರ್ಷ ಬಿಡದೆ ಕೊಟ್ಟ ಊರಿನ ಚೀಲವನ್ನು ವ್ಯಾಪಾರಿ ಬಿಚ್ಚದೆಯೇ ತೂಗಿಸಿಕೊಂಡದ್ದನ್ನು ನಾನು ಕಂಡಿದ್ದೇನೆ.

ಈ ಸಲ ಮಳೆ ಹಿಡಿಯುವ ಮೊದಲೇ ಸಭೆ ಸೇರೋಣ. ತಕ್ಕಡಿಯನ್ನು ಮುಂದಾಳುವಿನ ಮನೆಯಲ್ಲಿ ಇಡದೆ ಶಾಲೆಯ ಜಗಲಿಯಲ್ಲಿ ತೂಗುಹಾಕೋಣ. ತೂಕದ ಪುಸ್ತಕ ಬರೆಯುವ ಕೆಲಸವನ್ನು, ಪ್ರಶ್ನೆ ಕೇಳಿದ ಆ ಕಾಲೇಜು ಮಕ್ಕಳೇ ವಹಿಸಿಕೊಳ್ಳಲಿ.