ಬೀದಿಯ ಸೆನ್ಸಾರಿಗೆ ಅಪ್ಪಣೆಯಿತ್ತವರಾರು?

2025ರ ಜೂನ್ 5ರಂದು ದೇಶದ ಉಳಿದೆಡೆಗಳಲ್ಲಿ ತೆರೆಕಂಡ ‘ಥಗ್ ಲೈಫ್’ ಎಂಬ ತಮಿಳು ಚಲನಚಿತ್ರವು ಕರ್ನಾಟಕದ ಚಿತ್ರಮಂದಿರಗಳಲ್ಲಿ ಮಾತ್ರ ತೆರೆಕಾಣದೆ ಹೋದುದನ್ನು ಕನ್ನಡದ ದಿಗ್ವಿಜಯವೆಂದು ಬಗೆದು ಬೀಗುತ್ತಿರುವ ಮಹನೀಯರು ಇನ್ನೂ ನಮ್ಮ ನಡುವೆ ವಿಪುಲವಾಗಿದ್ದಾರೆ. ಅವರ ಜಯಘೋಷವನ್ನು ಕೇಳಿ ಕೇಳಿ ಸಹನೆ ತಪ್ಪಿದುದರಿಂದ ಈ ಮಾತುಗಳನ್ನು ಬರೆಯುತ್ತಿದ್ದೇನೆ. ಜಯವೆಂದರೆ ಯಾರ ಮೇಲೆ? ಆ ಚಿತ್ರದಲ್ಲಿ ಕನ್ನಡವನ್ನು ಹೀನೈಸುವ ಸಂಭಾಷಣೆಯಿದ್ದಿತೆ? ಕನ್ನಡಿಗರನ್ನು ನಗೆಪಾಟಲಿಗೀಡುಮಾಡುವ ಪಾತ್ರವೊಂದಿದ್ದಿತೆ? ಇದ್ದಿತೆಂದು ಪ್ರತಿಭಟನೆಗಿಳಿದವರು ಕೂಡ ಹೇಳಲಿಲ್ಲ. ಹೇಳುವುದಕ್ಕೆ ಅವರು ಅದನ್ನು ನೋಡಿಯೇ ಇರಲಿಲ್ಲ. ಚಿತ್ರದ ನಾಯಕನಟರಾದ ಕಮಲಹಾಸನರು ಮೇ ತಿಂಗಳಲ್ಲಿ ಚೆನ್ನೈನ ಒಂದು ಸಮಾರಂಭದಲ್ಲಿ ನಾಲಗೆಯನ್ನು ಸಡಿಲಬಿಟ್ಟರು; ಆ ಅಪರಾಧಕ್ಕೆ, ನೂರಾರು ಮಂದಿ ಬೆವರು ಸುರಿಸಿ ಮಾಡಿದ ಚಿತ್ರವೊಂದಕ್ಕೆ ಗಡೀಪಾರಿನ ಶಿಕ್ಷೆಯಾಯಿತು. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಳ್ಳುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ಪದ್ಧತಿಯೇನೋ ಹೌದು. ಅದನ್ನು ರಾಜ್ಯದ ಸಾಂಸ್ಕೃತಿಕ ನೀತಿಯನ್ನಾಗಿ ಮಾಡಿಕೊಂಡದ್ದು ಮಾತ್ರ ನಮ್ಮ ಕಾಲದ ಹೊಸ ಸಾಧನೆ.

ಕನ್ನಡವು ತಮಿಳಿನಿಂದ ಹುಟ್ಟಿತೆಂದು ಕಮಲಹಾಸನರು ಆ ಸಮಾರಂಭದಲ್ಲಿ ಆಡಿದ ಮಾತು ತಪ್ಪು. ಎರಡೂ ಒಂದೇ ಮೂಲದ್ರಾವಿಡದಿಂದ ಕವಲೊಡೆದ ಸೋದರಿಯರೆಂಬುದನ್ನು ಭಾಷಾಶಾಸ್ತ್ರದ ಪ್ರಥಮ ಪಾಠ ಓದಿದ ವಿದ್ಯಾರ್ಥಿಯೂ ಬಲ್ಲ. ಕಾಲ್ಡ್‌ವೆಲ್ಲರ ತೌಲನಿಕ ವ್ಯಾಕರಣ ಪ್ರಕಟವಾದುದು 1856ರಲ್ಲಿ. ಕಿಟ್ಟೆಲರ ನಿಘಂಟು 1894ರಲ್ಲಿ. ಹಲ್ಮಿಡಿಯ ಶಾಸನವಂತೂ ಐದನೆಯ ಶತಮಾನದಿಂದ ಮೌನವಾಗಿ ಸಾಕ್ಷ್ಯ ನುಡಿಯುತ್ತಿದೆ. ಇಷ್ಟೆಲ್ಲ ಸಾಮಗ್ರಿಯನ್ನು ಕೈಯಲ್ಲಿಟ್ಟುಕೊಂಡಿರುವ ಒಂದು ಜನಾಂಗವು, ಒಬ್ಬ ನಟನ ಅಜ್ಞಾನಕ್ಕೆ ಅರ್ಧ ಪುಟದ ಉತ್ತರವನ್ನು ಬರೆದು ಅವನನ್ನು ನಾಚಿಸಬಹುದಾಗಿದ್ದ ಸುಲಭ ಮಾರ್ಗವನ್ನು ಬಿಟ್ಟು, ಚಿತ್ರಮಂದಿರದ ಬಾಗಿಲಿಗೆ ಅಡ್ಡ ನಿಲ್ಲುವ ಮಾರ್ಗವನ್ನು ಹಿಡಿಯಿತು. ಸಾಹಿತ್ಯ ಪರಿಷತ್ತೆಂಬ ಸಂಸ್ಥೆಯೊಂದು ನಮ್ಮಲ್ಲಿದೆಯಷ್ಟೆ. 1915ರಲ್ಲಿ ಸ್ಥಾಪಿತವಾಗಿ, ದಶಕಗಳ ಪರಿಶ್ರಮದಿಂದ ಎಂಟು ಸಂಪುಟಗಳ ಬೃಹತ್ ನಿಘಂಟನ್ನು ಹೊರತಂದ ಆ ಸಂಸ್ಥೆಯ ಕಡೆಯಿಂದ ಒಂದು ವಿದ್ವತ್ಪೂರ್ಣ ಖಂಡನೆ ಬರಬಹುದೆಂದು ನಿರೀಕ್ಷಿಸಿದವರಿಗೆ ದೊರೆತದ್ದು, ಜುಲೈ ತಿಂಗಳಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯದಿಂದ ತಂದ ಪ್ರತಿಬಂಧಕಾಜ್ಞೆ: ಆ ನಟನು ಇನ್ನು ಮೇಲೆ ಕನ್ನಡದ ವಿಷಯವಾಗಿ ಅಂಥ ಮಾತಾಡಕೂಡದಂತೆ! ಎಂಟು ಸಂಪುಟಗಳಿಂದ ಸಾಧ್ಯವಾಗದ ಯಾವ ಸಮಾಧಾನವನ್ನು ಆ ಆಜ್ಞೆಯ ಹಾಳೆ ತಂದುಕೊಟ್ಟಿತೋ, ಬಲ್ಲವರು ಹೇಳಬೇಕು. ಪರರ ವಿಚಾರವನ್ನು ಸೈರಿಸಬಲ್ಲುದೇ ನಿಜವಾದ ಸಂಪತ್ತೆಂದು ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗಕಾರನು ಹೇಳಿದುದನ್ನು ನಾವು ನವೆಂಬರ್ ತಿಂಗಳ ಭಾಷಣಗಳಲ್ಲಿ ಉದ್ಧರಿಸುತ್ತೇವೆ. ಜೂನ್ ತಿಂಗಳಲ್ಲಿ ಅದು ಅನ್ವಯಿಸುವುದಿಲ್ಲವೆಂದು ಕಾಣುತ್ತದೆ.

ಇದೊಂದು ಆಕಸ್ಮಿಕವಾದ ಉದ್ವೇಗವೆಂದು ಯಾರೂ ಸಮಾಧಾನ ಹೇಳಬಾರದು. 2008ರಲ್ಲಿ ‘ಕುಸೇಲನ್’ ಚಿತ್ರಕ್ಕಾಗಿ ರಜನೀಕಾಂತರು ವಿಷಾದ ವ್ಯಕ್ತಪಡಿಸಬೇಕಾಯಿತು; 2017ರಲ್ಲಿ ‘ಬಾಹುಬಲಿ’ಯ ಎರಡನೆಯ ಭಾಗಕ್ಕಾಗಿ, ಎಷ್ಟೋ ವರ್ಷಗಳ ಹಿಂದೆ ಕಾವೇರಿಯ ಸಂಬಂಧವಾಗಿ ಆಡಿದ್ದ ಮಾತಿಗೆ ಸತ್ಯರಾಜರು ಕ್ಷಮೆ ಯಾಚಿಸಬೇಕಾಯಿತು; 2018ರಲ್ಲಿ ‘ಕಾಲಾ’ ಚಿತ್ರವು ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿ ಪೊಲೀಸ್ ರಕ್ಷಣೆಯ ಆದೇಶವನ್ನು ಪಡೆದು ತೆರೆಗೆ ಬರಬೇಕಾಯಿತು. ಈ ನಾಲ್ಕು ಚಿತ್ರಗಳಲ್ಲಿ ಯಾವುದರ ಒಂದು ದೃಶ್ಯದ ಮೇಲಾಗಲಿ, ಒಂದು ಹಾಡಿನ ಮೇಲಾಗಲಿ ಆಕ್ಷೇಪವಿರಲಿಲ್ಲವೆಂಬುದನ್ನು ಓದುಗರು ದಯಮಾಡಿ ಗಮನಿಸಬೇಕು. ಸರಕಾರಿ ಸೆನ್ಸಾರಿನವನು ಎಷ್ಟೇ ಮಂದಬುದ್ಧಿಯವನಾದರೂ ಕತ್ತರಿಯೆತ್ತುವ ಮೊದಲು ಚಿತ್ರವನ್ನು ನೋಡುತ್ತಾನೆ. ಯಾವ ಭಾಗ ಕೂಡದೆಂಬುದನ್ನು ಬರೆದುಕೊಡುತ್ತಾನೆ. ಅವನ ಆಜ್ಞೆಯ ಮೇಲೆ ನ್ಯಾಯಾಲಯಕ್ಕೆ ಹೋಗುವುದಕ್ಕೆ ದಾರಿಯಿದೆ. ಬೀದಿಯ ಸೆನ್ಸಾರಿಗೆ ಈ ಯಾವ ತೊಡಕೂ ಇಲ್ಲ. ಅವನಿಗೆ ಚಿತ್ರವೇ ಬೇಕಾಗಿಲ್ಲ.

ಇಲ್ಲಿ ನಾನು ಒಂದು ತೀರ್ಪನ್ನು ನೆನಪಿಗೆ ತರಬೇಕಾಗಿದೆ. ಬೇಸರವಾಗುವಷ್ಟು ಸಲ ನೆನಪಿಗೆ ತರುವ ಸಂಕಲ್ಪವೂ ನನಗಿದೆ. ಮೀಸಲಾತಿಯ ನೀತಿಯನ್ನು ಟೀಕಿಸುತ್ತದೆಂಬ ಕಾರಣದಿಂದ ‘ಒರೇ ಒರು ಗ್ರಾಮತ್ತಿಲೇ’ ಎಂಬ ತಮಿಳು ಚಿತ್ರದ ಪ್ರಮಾಣಪತ್ರವನ್ನು ಮದರಾಸು ಉಚ್ಚ ನ್ಯಾಯಾಲಯವು ರದ್ದುಪಡಿಸಿದಾಗ, ಆ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಚಿತ್ರವನ್ನು ತೋರಿಸಿದರೆ ಜನ ಕೆರಳುತ್ತಾರೆ, ಶಾಂತಿಭಂಗವಾಗುತ್ತದೆ ಎಂದು ತಮಿಳುನಾಡು ಸರಕಾರವು ಅಲ್ಲಿ ಅಲವತ್ತುಕೊಂಡಿತು. ಅದಕ್ಕೆ 1989ರಲ್ಲಿ ಕೊಟ್ಟ ಉತ್ತರ ಇಷ್ಟು: ಮೆರವಣಿಗೆ, ಪ್ರತಿಭಟನೆ, ಹಿಂಸೆಯ ಬೆದರಿಕೆಗಳಿಗಾಗಿ ಅಭಿವ್ಯಕ್ತಿಯನ್ನು ಅದುಮುವುದೆಂದರೆ ಕಾನೂನಿನ ಆಳ್ವಿಕೆಯನ್ನೇ ನಿರಾಕರಿಸಿ ಬೆದರಿಸುವವರಿಗೆ ಶರಣಾಗುವುದು, ಸ್ವಾತಂತ್ರ್ಯವನ್ನು ರಕ್ಷಿಸುವುದು ಸರಕಾರದ ಕರ್ತವ್ಯವಾದುದರಿಂದ ತನ್ನಿಂದಾಗದೆಂದು ಅದು ಕೈಚೆಲ್ಲುವಂತಿಲ್ಲ. ಈ ತೀರ್ಪನ್ನು ಬರೆದವರು ಯಾರು? ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟರು, ಕರಾವಳಿಯ ಕನ್ನಡಿಗರು. ಒಂದು ತಮಿಳು ಚಿತ್ರವನ್ನು ತಮಿಳುನಾಡಿನ ಸರಕಾರದ ಕೈಯಿಂದ ಬಿಡಿಸಿ, ಇಡೀ ಭಾರತದ ಚಲನಚಿತ್ರಕಾರರು ಇಂದಿಗೂ ಗುರಾಣಿಯಂತೆ ಹಿಡಿಯುವ ವಾಕ್ಯಗಳನ್ನು ಬರೆದವರು ಕನ್ನಡಿಗರೊಬ್ಬರಾಗಿದ್ದರೆಂಬುದು ನಮ್ಮ ಅಭಿಮಾನದ ಪಟ್ಟಿಯಲ್ಲಿ ಏಕೆ ಸೇರಲಿಲ್ಲ? ಕನ್ನಡಿಗರು ಗಳಿಸಿದ್ದನ್ನೆಲ್ಲ ಲೆಕ್ಕವಿಡುವ ಸಂಘಗಳು ಇದೊಂದನ್ನು ಮರೆತದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

‘ಭಾವನೆಗಳಿಗೆ ನೋವಾಗಿದೆ’ ಎಂಬ ವಾದವನ್ನು ಮುಂದಿಡುವವರು ‘ಸಂಸ್ಕಾರ’ದ ಕಥೆಯನ್ನು ಒಮ್ಮೆ ಓದಿಕೊಳ್ಳಲಿ, ಕಾದಂಬರಿಯ ಕಥೆಯನ್ನಲ್ಲ, ಚಿತ್ರಕ್ಕೊದಗಿದ ಕಥೆಯನ್ನು. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ಕಾದಂಬರಿಗೆ ಗಿರೀಶ ಕಾರ್ನಾಡರು ಚಿತ್ರಕಥೆಯನ್ನು ಬರೆದು ಪ್ರಾಣೇಶಾಚಾರ್ಯರ ಪಾತ್ರವನ್ನು ತಾವೇ ವಹಿಸಿ, ಲಂಕೇಶರು ನಾರಣಪ್ಪನಾಗಿ, ಸ್ನೇಹಲತಾ ರೆಡ್ಡಿಯವರು ಚಂದ್ರಿಯಾಗಿ ಅಭಿನಯಿಸಿ, ಪಟ್ಟಾಭಿರಾಮ ರೆಡ್ಡಿಯವರು ಅಲ್ಪಸ್ವಲ್ಪ ಹಣದಲ್ಲಿ ನಿರ್ಮಿಸಿ ನಿರ್ದೇಶಿಸಿದ ಆ ಚಿತ್ರವನ್ನು ಮದರಾಸಿನ ಸೆನ್ಸಾರ್ ಮಂಡಳಿಯು ನಿಷೇಧಿಸಿತು. ಕಾರಣ? ಜಾತಿಯ ಮನಸ್ತಾಪ ಹೊತ್ತಿಕೊಂಡೀತು, ಒಂದು ಸಮುದಾಯದ ಮನಸ್ಸು ನೊಂದೀತು ಎಂಬ ಭಯ. ಅಂದು ಕನ್ನಡದ ಬರಹಗಾರರೂ ಕಲಾವಿದರೂ ಮದರಾಸಿನ ಅಧಿಕಾರಿಗಳನ್ನು ಯಾವ ಮಾತುಗಳಿಂದ ಹಳಿದರೋ ಅದೇ ಮಾತುಗಳಿಗೆ ಇಂದು ನಾವು ಪಾತ್ರರಾಗಿದ್ದೇವೆ. ಕೊನೆಗೆ ದೆಹಲಿಯ ಸಚಿವಾಲಯವು ನಿಷೇಧವನ್ನು ತೆಗೆದುಹಾಕಿತು; ಅಗ್ರಹಾರಗಳು ಉರಿಯಲಿಲ್ಲ, ಮಠಗಳು ಕುಸಿಯಲಿಲ್ಲ, ಮನಸ್ಸು ನೊಂದವರು ಕೂಡ ಮರುದಿನ ಎಂದಿನಂತೆ ಸ್ನಾನಸಂಧ್ಯಾದಿಗಳನ್ನು ಮುಗಿಸಿ ಊಟ ಮಾಡಿದರು. 1970ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ಕನ್ನಡಕ್ಕೆ ಮೊತ್ತಮೊದಲಬಾರಿಗೆ ಸಂದದ್ದು ಆ ಚಿತ್ರದಿಂದಲೇ. ಅದರಲ್ಲಿ ಚಂದ್ರಿಯಾಗಿದ್ದ ಸ್ನೇಹಲತೆಯವರನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿರಿಸಿ, ಆರೋಗ್ಯ ಪೂರ್ತಿ ಕೆಟ್ಟ ಮೇಲೆ ಹೊರಬಿಟ್ಟರು. 1977ರ ಜನವರಿಯಲ್ಲಿ ಅವರು ತೀರಿಹೋದರು. ಆಗಲೂ ದೇಶದ ಶಾಂತಿಸುವ್ಯವಸ್ಥೆಯ ಮಾತನ್ನೇ ಆಡಲಾಗುತ್ತಿತ್ತು.

ಕನ್ನಡದ ಹೆಸರಿನಲ್ಲಿ ಬಾಗಿಲು ಹಾಕುವ ಈ ಚಟ ನಮ್ಮ ಚಿತ್ರೋದ್ಯಮಕ್ಕೆ ಹಳೆಯದು. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಕೂಡದೆಂಬ ಕಟ್ಟಳೆಯನ್ನು, ಯಾವ ಶಾಸನದ ಬೆಂಬಲವೂ ಇಲ್ಲದೆ, ಅರುವತ್ತರ ದಶಕದಿಂದ ಅರ್ಧ ಶತಮಾನದ ಕಾಲ ನಡೆಸಿಕೊಂಡು ಬಂದವರು ಈ ಉದ್ಯಮದವರೇ. 2012ರಲ್ಲಿ ‘ಸತ್ಯಮೇವ ಜಯತೇ’ ಎಂಬ ದೂರದರ್ಶನ ಸರಣಿಯನ್ನು ತಮಿಳರು ತಮಿಳಿನಲ್ಲಿಯೂ ತೆಲುಗರು ತೆಲುಗಿನಲ್ಲಿಯೂ ಮಲೆಯಾಳಿಗಳು ಮಲೆಯಾಳದಲ್ಲಿಯೂ ನೋಡಿದರು. ಕನ್ನಡಿಗನೊಬ್ಬನೇ ತನ್ನ ಮನೆಯಲ್ಲಿ ಕುಳಿತು ಹಿಂದಿಯಲ್ಲಿ ನೋಡಬೇಕಾಯಿತು, ಕನ್ನಡದ ರಕ್ಷಣೆಗೋಸ್ಕರ! ಗ್ರಾಹಕರು ದೂರು ಕೊಟ್ಟು, 2015ರಲ್ಲಿ ಭಾರತದ ಸ್ಪರ್ಧಾ ಆಯೋಗವು ನಮ್ಮ ಚಲನಚಿತ್ರ ವಾಣಿಜ್ಯ ಮಂಡಳಿಯೇ ಮೊದಲಾದವುಗಳಿಗೆ ದಂಡ ವಿಧಿಸುವವರೆಗೆ ಈ ನಾಟಕ ನಡೆಯಿತು. ಹಳ್ಳಿಯ ಮಗುವೊಂದು ವಿಜ್ಞಾನದ ಸಾಕ್ಷ್ಯಚಿತ್ರವನ್ನು ತನ್ನ ನುಡಿಯಲ್ಲಿ ಕೇಳಬಹುದಾಗಿದ್ದ ಐವತ್ತು ವರ್ಷಗಳನ್ನು ಕಳೆದವರು, ಈಗ ಭಾಷೆಯ ಮಾನರಕ್ಷಕರೆಂದು ಬಿರುದು ತೊಟ್ಟು ನಿಂತಿದ್ದಾರೆ. ಕನ್ನಡ ಶಾಲೆಗಳು ಮುಚ್ಚಿಹೋಗುವಾಗ ಈ ಶೂರರ ದಂಡು ಎಲ್ಲಿರುತ್ತದೆಯೋ ತಿಳಿಯದು. ಬಹುಶಃ ಮುಂದಿನ ಚಿತ್ರದ ಬಿಡುಗಡೆಯ ದಿನಾಂಕವನ್ನು ವಿಚಾರಿಸುತ್ತಿರುತ್ತದೆ.

ಕೇಂದ್ರದ ಪ್ರಮಾಣೀಕರಣ ಮಂಡಳಿಯನ್ನು ನಾನು ಹೊಗಳುತ್ತಿದ್ದೇನೆಂದು ಯಾರೂ ಭಾವಿಸಬೇಕಾಗಿಲ್ಲ. ಅದರ ಅವಿವೇಕಗಳು ಒಂದು ಪ್ರತ್ಯೇಕ ಗ್ರಂಥಕ್ಕೆ ಸಾಕು. ಅದರ ತೀರ್ಮಾನಗಳ ಮೇಲೆ ಮೊರೆಹೋಗಲು ಇದ್ದ ಮೇಲ್ಮನವಿ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದುಮಾಡಿ, ಬಡ ನಿರ್ದೇಶಕನನ್ನು ನೇರವಾಗಿ ಉಚ್ಚ ನ್ಯಾಯಾಲಯದ ವೆಚ್ಚಕ್ಕೆ ನೂಕಿದ ಪುಣ್ಯವೂ ಕೇಂದ್ರ ಸರಕಾರಕ್ಕೆ ಸಲ್ಲುತ್ತದೆ. ಆದರೆ ಆ ಮಂಡಳಿಯೇ ನೋಡಿ ಮುದ್ರೆಯೊತ್ತಿದ ಚಿತ್ರವನ್ನು ತಡೆಯುವುದಕ್ಕೆ, 1952ರ ಚಲನಚಿತ್ರ ಅಧಿನಿಯಮದ ಯಾವ ಪ್ರಕರಣದಲ್ಲಿ ವಾಣಿಜ್ಯ ಮಂಡಳಿಯ ಹೆಸರಿದೆ? ಯಾವ ಪ್ರಕರಣದಲ್ಲಿ ಸಂಘಟನೆಗಳ ಹೆಸರಿದೆ? ‘ಥಗ್ ಲೈಫ್’ನ ವ್ಯಾಜ್ಯ ಮುಂದೆ ಬಂದಾಗ ನಮ್ಮ ಉಚ್ಚ ನ್ಯಾಯಾಲಯವಾದರೂ ಈ ಪ್ರಶ್ನೆಯನ್ನೆತ್ತೀತೆಂದು ಕಾದಿದ್ದವರಿಗೆ, ಕ್ಷಮೆ ಕೇಳಿಬಿಟ್ಟರೆ ತೀರಿತಲ್ಲವೆ ಎಂಬ ಹಿತವಚನ ಅಲ್ಲಿಂದ ಕೇಳಿಬಂತು. ಕ್ಷಮೆ ಕೇಳಿಸುವುದು ಉಚ್ಚ ನ್ಯಾಯಾಲಯದ ಕೆಲಸವಲ್ಲವೆಂದೂ, ಗುಂಪುಗಳಿಗೆ ಬೀದಿಗಳನ್ನು ಒಪ್ಪಿಸಲಾಗದೆಂದೂ ಸರ್ವೋಚ್ಚ ನ್ಯಾಯಾಲಯವು ಬಿಡಿಸಿ ಹೇಳಬೇಕಾಯಿತು. ಜಗನ್ನಾಥ ಶೆಟ್ಟರು 1989ರಲ್ಲಿಯೇ ಹೇಳಿದ್ದರು. ಮೂವತ್ತಾರು ವರ್ಷಗಳ ಮೇಲೆ ಅದನ್ನು ಅವರ ಸ್ವಂತ ನಾಡಿಗೇ ಹೇಳಬೇಕಾಗಿ ಬಂತು.

ಆಗ ಕರ್ನಾಟಕ ಸರಕಾರವು, ಚಿತ್ರವನ್ನು ತೆರೆಗೆ ತಂದರೆ ರಕ್ಷಣೆ ಕೊಡುವುದಾಗಿ ನ್ಯಾಯಾಲಯಕ್ಕೆ ಭರವಸೆಯಿತ್ತಿತು. ಆ ಭರವಸೆಯನ್ನು ದಾಖಲಿಸಿಕೊಂಡು ವ್ಯಾಜ್ಯವನ್ನು ಮುಗಿಸಿದ್ದು ಜೂನ್ 19ರಂದು. ಅಂದರೆ ಚಿತ್ರವು ಬೇರೆಡೆ ಬಂದು, ಸೋತು, ತೆರೆಯಿಂದ ಸರಿಯುತ್ತಿದ್ದ ಹೊತ್ತಿಗೆ. ಜುಲೈ ಮೊದಲ ವಾರದಲ್ಲಿ ಅದು ನೆಟ್‌ಫ್ಲಿಕ್ಸಿನ ಮೂಲಕ, ಪ್ರತಿಭಟಿಸಿದವರದೂ ಸೇರಿದಂತೆ, ಎಲ್ಲರ ಮೊಬೈಲುಗಳೊಳಗೆ ಯಾವ ಅಡೆತಡೆಯೂ ಇಲ್ಲದೆ ಬಂದು ಕುಳಿತಿತು. ಕನ್ನಡಕ್ಕೆ ಅದರಿಂದ ಒಂದು ಅಕ್ಷರದ ನಷ್ಟವೂ ಆದಂತಿಲ್ಲ. ಇಂಥ ಸಂದರ್ಭ ಮತ್ತೆ ಬರುವುದು ನಿಶ್ಚಿತ. ಆಗ ನಮ್ಮ ಗೃಹ ಇಲಾಖೆಯು ರಕ್ಷಣೆಯ ಮಾತನ್ನು ಬಿಡುಗಡೆಯ ಹಿಂದಿನ ದಿನವೇ, ಬೆಂಗಳೂರಿನಲ್ಲಿಯೇ, ತನ್ನ ಸ್ವಂತ ಇಚ್ಛೆಯಿಂದ ಆಡಲಿ. ಚಿತ್ರಮಂದಿರಕ್ಕೆ ಬೆಂಕಿಯಿಡುತ್ತೇವೆಂದು ಕ್ಯಾಮರಾಗಳ ಮುಂದೆ ನಿಂತು ಹೇಳುವವರು ಯಾರಾದರೂ ಇದ್ದರೆ ಅವರ ಹೆಸರನ್ನೂ ವಿಳಾಸವನ್ನೂ ಅಂದೇ ಠಾಣೆಯಲ್ಲಿ ಬರೆದುಕೊಳ್ಳಲಿ.