ಕಾಯಿಲೆಗೆ ಹೆಸರಿಲ್ಲ, ರಜೆಗೆ ಲೆಕ್ಕವಿದೆ
ಮಗಳಿಗೆ ಐದು ತಿಂಗಳು. ಹೆಂಡತಿಗೆ ಇದ್ದಕ್ಕಿದ್ದಂತೆ ಕೈಕಾಲಲ್ಲಿ ಶಕ್ತಿಯೇ ಇಲ್ಲ. ಮೂರು ವಾರವಾಯಿತು, ಡಾಕ್ಟರುಗಳಿಗೂ ಏನೆಂದು ಗೊತ್ತಾಗಿಲ್ಲ. ಎಮರ್ಜೆನ್ಸಿ ಫಂಡ್ ಇದೆ. ಕೊರತೆ ಬಿದ್ದಿರುವುದು ರಜೆಗೆ.

ಅಮೆರಿಕದಲ್ಲಿ 1993ರ ಎಫ್‌ಎಂಎಲ್‌ಎ ಕಾಯ್ದೆ ಕೊಡುವುದು ವರ್ಷಕ್ಕೆ 12 ವಾರ, ಅದೂ ಸಂಬಳವಿಲ್ಲದೆ. ಮಗು ಹುಟ್ಟಿದಾಗ ತೆಗೆದುಕೊಂಡ ರಜೆಯೂ ಇದರಲ್ಲೇ ಕಳೆಯುತ್ತದೆ. ನನಗೆ ಆರು ವಾರ ಉಳಿದಿದೆ. ಹೊಸದಾಗಿ ಅಪ್ಪ ಆಗುವವರಿಗೆ ಹೇಳುತ್ತೇನೆ, ಹನ್ನೆರಡನ್ನೂ ಬಾಣಂತನಕ್ಕೇ ಮುಗಿಸಬೇಡಿ. ಸಂಗಾತಿಯ ಆರೈಕೆಗೆ ವೈದ್ಯಕೀಯ ಅಗತ್ಯವಿದ್ದರೆ ಗಂಟೆಗಳ ಲೆಕ್ಕದಲ್ಲೂ ಬಳಸಬಹುದು. ಡಾಕ್ಟರ ಪ್ರಮಾಣಪತ್ರ ಬೇಕು, ಅದರಲ್ಲಿ ಕಾಯಿಲೆಯ ಹೆಸರು ಕಡ್ಡಾಯವಲ್ಲ.

ಹಾಗಾಗಿ ಆಸ್ಪತ್ರೆಯ ದಿನ ಮಾತ್ರ ರಜೆ, ಉಳಿದ ದಿನ ಮಗಳು ಡೇಕೇರ್‌ಗೆ. ಷೇರು ಮಾರಿ ಫೀಸು ಕಟ್ಟುತ್ತಿದ್ದೇನೆ. ಮಾರುಕಟ್ಟೆ ಬಿದ್ದಿದ್ದರೂ ಮಾರುತ್ತಿದ್ದೆ. ಅತ್ತೆಯವರಿಗೆ ವೀಸಾ ಸಂದರ್ಶನದ ದಿನ ಇನ್ನೂ ಸಿಕ್ಕಿಲ್ಲ.